ಸಂಜೆಯ ಪಟ್ಟಿಯಲ್ಲಿ ಉಳಿದ ಹೆಸರು

ಟೀಚರ್ ತೀರಿಕೊಂಡು ಕೆಲವು ದಿನಗಳಾದ ಮೇಲೆ ಅವರ ತಂಗಿ ನನ್ನನ್ನು ಬ್ರಹ್ಮಾವರದ ಮನೆಗೆ ಕರೆಸಿದರು. ಕಂಪ್ಯೂಟರಿನಲ್ಲಿ ಏನಾದರೂ ಇಟ್ಟುಕೊಳ್ಳುವಂಥದ್ದು ಇದೆಯೇ ನೋಡಬೇಕಿತ್ತು. ತೆರೆದೆ. ಅಷ್ಟು ವರ್ಷ ಪ್ರೋಗ್ರಾಮ್ ಬರೆದವರ ಯಂತ್ರದಲ್ಲಿ ಒಂದು ಸಾಲೂ ಇರಲಿಲ್ಲ.

"ಎಂತ ಇತ್ತ್?" ಎಂದರು ತಂಗಿ ಅಡುಗೆಮನೆಯಿಂದ.

"ಎಂತದೂ ಇಲ್ಲೆ."

"ಫೋಟೋ ಗೀಟೋ?"

"ಅದೂ ಇಲ್ಲೆ."

"ಅಕ್ಕ ಹಾಂಗೇ ಮಾರಾಯ್ರೆ. ಗುಡ್ಸಿ ಒರ್ಸಿ ಹೋಯ್ರ್."

ಅವರ ಬಗ್ಗೆ ಬರೆಯಲು ಕೂತಾಗ ಈ ದೃಶ್ಯವನ್ನೇ ಮೊದಲಿಟ್ಟೆ, ಯಾಕೆಂದರೆ ಅದು ಬಹಳ ಅನುಕೂಲವಾಗಿದೆ. ಜೀವಮಾನವಿಡೀ ಅಳಿಸುತ್ತಿದ್ದವರು ಕೊನೆಗೆ ತನ್ನನ್ನೇ ಅಳಿಸಿಕೊಂಡರು ಎಂಬ ಕಥೆ ಚೌಕಟ್ಟಿನಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಆ ಯಂತ್ರ ಅವರು ಆಸ್ಪತ್ರೆಯಲ್ಲಿದ್ದಾಗ ಕೆಟ್ಟಿತ್ತು, ಯಾರೋ ರಿಪೇರಿಗೆ ಕೊಟ್ಟು ತಂದಿದ್ದರು. ಅಂಗಡಿಯವನು ಕೇಳದೆ ಎಲ್ಲವನ್ನೂ ಒರೆಸಿ ಹಿಂದಿರುಗಿಸಿರುವ ಸಾಧ್ಯತೆಯೇ ಹೆಚ್ಚು. ಇದನ್ನು ತಿಳಿದೂ ನಾನು ಮೊದಲ ಕಥೆಯನ್ನೇ ಮೂರ್ನಾಲ್ಕು ಜನರಿಗೆ ಹೇಳಿಯಾಗಿದೆ. ಆದ್ದರಿಂದ ಮುಂದೆ ಎಲ್ಲಿ ಕಥೆ ತೀರಾ ಚೆನ್ನಾಗಿ ಕೂರುತ್ತದೋ ಅಲ್ಲಿ ಓದುವವರು ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ಅವರು ಮೊದಲು ಟೈಪಿಂಗ್ ಕಲಿಸುತ್ತಿದ್ದರು. ತೊಂಬತ್ತೇಳರ ಹೊತ್ತಿಗೆ ಕುಂದಾಪುರದಲ್ಲಿ ಟೈಪಿಂಗ್ ಕಲಿಯುವವರು ಕಡಿಮೆಯಾದಾಗ ತಾವೇ ಕೂತು ಕಂಪ್ಯೂಟರ್ ಕಲಿತು, ಔಷಧಿ ಅಂಗಡಿಯ ಮಾಳಿಗೆಯಲ್ಲಿದ್ದ ತರಬೇತಿ ಕೇಂದ್ರಕ್ಕೆ ಸೇರಿದರು. ನಾನೂ ಅಲ್ಲೇ ಪಾಠ ಹೇಳುತ್ತಿದ್ದೆ. ಊರಿಗೆಲ್ಲ ಅವರು ಟೀಚರ್. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಇಲ್ಲಿಯೂ ಬೇಡ.

ಪಾಠದ ಜೊತೆಗೆ ಕೇಂದ್ರಕ್ಕೆ ಸಣ್ಣಪುಟ್ಟ ಪ್ರೋಗ್ರಾಮ್ ಬರೆದುಕೊಡುವ ಕೆಲಸವೂ ಬರುತ್ತಿತ್ತು. ಹಂಚಿನ ಕಾರ್ಖಾನೆ, ಮಂಜುಗಡ್ಡೆ ಫ್ಯಾಕ್ಟರಿ, ಅಕ್ಕಿ ಮಿಲ್ಲು. ಬೇರೆಯವರು ಬರೆದು ಬಿಟ್ಟುಹೋದದ್ದನ್ನು ಸರಿಪಡಿಸುವುದೇ ಹೆಚ್ಚು. ಇಂಥ ಹಳೆಯ ಪ್ರೋಗ್ರಾಮು ಕೈಗೆ ಬಂದರೆ ನಾವೆಲ್ಲ ಹೊಸದನ್ನು ಎಲ್ಲಿ ಸೇರಿಸಬೇಕೆಂದು ಹುಡುಕುತ್ತಿದ್ದೆವು. ಟೀಚರ್ ಏನನ್ನು ತೆಗೆಯಬಹುದೆಂದು ಹುಡುಕುತ್ತಿದ್ದರು. ಪ್ರತಿ ತುಂಡಿನ ಮುಂದೆ ನಿಂತು ಅವರ ಪ್ರಶ್ನೆ ಒಂದೇ.

"ಇದನ್ನ ಯಾರ್ ಕರೀತ್ರ್?"

ಅಂದರೆ, ಈ ಸಾಲುಗಳನ್ನು ಪ್ರೋಗ್ರಾಮಿನ ಯಾವ ಭಾಗ ಕೆಲಸಕ್ಕೆ ಕರೆಯುತ್ತದೆ? ಯಾರೂ ಕರೆಯುವುದಿಲ್ಲ ಎಂದಾದರೆ ಅಲ್ಲಿ ಯಾಕಿದೆ? ಉತ್ತರ ಸಿಗದಿದ್ದರೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಅಳಿಸಿಬಿಡುತ್ತಿದ್ದರು. ಮುಂದೆ ಎಂದಾದರೂ ಬೇಕಾಗಬಹುದು, ಸುಮ್ಮನೆ ಮುಚ್ಚಿಡುವ ಎಂದರೆ ಕೇಳುತ್ತಿರಲಿಲ್ಲ. "ಮುಚ್ಚಿಟ್ರೆ ಇತ್ತ್ ಅಂತಲೇ ಲೆಕ್ಕ. ನಾಳೆ ಇಲ್ಲಿಗ್ ಬಪ್ಪವ್ರಿಗೆ ಇದ್ ಸತ್ತದ್ದಾ ಬದ್ಕಿದ್ದಾ ಅಂತ ಹೇಂಗ್ ಗೊತ್ತಾಪುದ್?"

ಒಬ್ಬ ವಿದ್ಯಾರ್ಥಿ ಒಮ್ಮೆ ಹಿಂದಿನ ಬೆಂಚಿನಿಂದ, "ಟೀಚರ್, ನನ್ನನ್ನೂ ಯಾರೂ ಕರೀತಿಲ್ಲೆ" ಎಂದ.

"ಹಾಂಗಾರೆ ನೀನೂ ಹೊರಡ್" ಎಂದರು, ತಲೆ ಎತ್ತದೆ.

ಜಿಪುಣರೇನಲ್ಲ. ಒಣ ಮನುಷ್ಯರೂ ಅಲ್ಲ. ಮಧ್ಯಾಹ್ನ ನಾವು ಬೇಡವೆಂದರೂ ಅವರ ಬುತ್ತಿಯ ಅರ್ಧ ನಮ್ಮ ಪಾಲಿಗೆ ಬರುತ್ತಿತ್ತು. ಬಸ್ಸಿನಲ್ಲಿ ಪಕ್ಕ ಕೂತವರ ಮಗುವನ್ನು ತೊಡೆಯ ಮೇಲೆ ಎಳೆದುಕೊಳ್ಳುವ ಹೆಂಗಸು. ಈ ವಾಕ್ಯವನ್ನು ಅವರು ನೋಡಿದ್ದರೆ ಇದನ್ನು ಯಾರು ಕರೆದರು ಎಂದು ಕೇಳುತ್ತಿದ್ದರು. ನಾನು ಇಟ್ಟುಕೊಳ್ಳುತ್ತೇನೆ.

ಎರಡು ಸಾವಿರನೇ ಇಸವಿ ಕಳೆದ ಮೇಲೆ ಹತ್ತಿರದ ಒಂದು ಬಂದರಿನ ಬೋಟಿನವರ ಸಂಘದ ಕೆಲಸ ಅವರ ಕೈಗೆ ಬಂತು. ಯಾವ ಬಂದರು ಎಂಬುದು ಬೇಡ. ಬೋಟು ಕಟ್ಟುವ ದಕ್ಕೆಯ ತುದಿಯಲ್ಲಿ, ನದಿ ಕಡಲಿಗೆ ಸೇರುವ ಅಳಿವೆಗೆ ಮುಖಮಾಡಿ ಸಂಘದ ಒಂದು ಕೋಣೆ. ಅದಕ್ಕೊಂದು ಕಿಟಕಿ. ಮುಂಜಾನೆ ಹೊರಟು ಸಂಜೆ ಮರಳುವ ಸಣ್ಣ ಬೋಟುಗಳಲ್ಲಿ ಆಗ ವೈರ್‌ಲೆಸ್ ಇರಲಿಲ್ಲ. ಕಿಟಕಿಯ ಎದುರು ಹಾಯುವಾಗ ಬೋಟಿನಿಂದ ಒಬ್ಬ ಕೂಗುತ್ತಿದ್ದ, "ಹ್ವಾಯ್, ಇಂಥಾದ್ ಹೋತ್!" ಗುಮಾಸ್ತ ಆ ಹೆಸರಿನ ಮುಂದೆ ಗುರುತು ಹಾಕುತ್ತಿದ್ದ. ಮರಳುವಾಗ ಕೂಗು, "ಬಂತ್!" ಇನ್ನೊಂದು ಗುರುತು. ದೀಪ ಹಚ್ಚುವ ಹೊತ್ತಿಗೆ ಕಂಪ್ಯೂಟರ್ ಒಂದು ಪಟ್ಟಿ ಕೊಡುತ್ತಿತ್ತು, ಹೊರಗೆ ಉಳಿದ ಬೋಟುಗಳದ್ದು. ಪಟ್ಟಿಯಲ್ಲಿ ಹೆಸರಿದ್ದರೆ ಗುಮಾಸ್ತ ದಕ್ಕೆಗಳನ್ನು ಹುಡುಕಬೇಕು. ಅಲ್ಲೂ ಕಾಣದಿದ್ದರೆ ಸೈರನ್ ಒತ್ತಬೇಕು. ಸೈರನ್ ಕೇಳಿದರೆ ದೊಡ್ಡ ಬೋಟುಗಳು ಹುಡುಕಲು ಹೊರಡುತ್ತವೆ. ಆ ಪಟ್ಟಿಯ ಕೆಲಸ ಇಷ್ಟೇ.

ಅಲ್ಲಿನವರಲ್ಲಿ ಒಂದು ಪದ್ಧತಿ ಇತ್ತು. ಬೋಟು ಮುರಿದು ಸೌದೆಯಾದರೂ ಅದರ ಹೆಸರನ್ನು ಯಾರೂ ಹೊಡೆದುಹಾಕುವುದಿಲ್ಲ. ಆ ಮನೆಯವರು ಇನ್ನೊಂದು ಬೋಟು ಕಟ್ಟಿಸಿದಾಗ ಅದೇ ಹೆಸರು ಇಡುತ್ತಾರೆ. ಅಲ್ಲಿಯವರೆಗೆ ಹೆಸರು ಕಾದಿರಬೇಕು. ಹೊಡೆದುಹಾಕಿದರೆ ಮುಂದಿನ ಬೋಟಿಗೆ ಒಳ್ಳೆಯದಾಗದು ಎಂಬ ನಂಬಿಕೆ. ಹೀಗಾಗಿ ಸಂಘದ ಕಂಪ್ಯೂಟರಿನಲ್ಲಿ ಇಲ್ಲದ ಬೋಟುಗಳ ಹೆಸರು ಹಲವಿದ್ದವು. ಮೊದಲು ಪ್ರೋಗ್ರಾಮ್ ಬರೆದವನು ಯಾರೋ ಹೊರಗಿನವನು. ಅವನ ಪ್ರೋಗ್ರಾಮು ಎಲ್ಲ ಹೆಸರುಗಳನ್ನೂ ಬೆಳಿಗ್ಗೆ ಹೊರಗೆಂದೇ ಎಣಿಸುತ್ತಿತ್ತು. ಇಲ್ಲದ ಬೋಟುಗಳು ಪ್ರತಿ ಸಂಜೆ ಪಟ್ಟಿಗೆ ಬಂದು ಕಾಡಿದಾಗ ಅವನು ಕೆಲವು ಸಾಲು ಬರೆದ. ಈ ಹಳೆಯ ಹೆಸರುಗಳ ಮುಂದೆ ಸಂಜೆಯಾಗುತ್ತಲೇ ತಾನಾಗಿ 'ಬಂದಿದೆ' ಎಂದು ಗುರುತು ಬೀಳುವಂತೆ.

ಟೀಚರ್ ಅದನ್ನೆಲ್ಲ ತಿದ್ದಿದರು. ಬೆಳಿಗ್ಗೆ ಕೂಗಿ ಹೋದ ಬೋಟು ಮಾತ್ರ ಹೊರಗೆಂದು ಲೆಕ್ಕ. ಆಗ ಆ ಸಾಲುಗಳಿಗೆ ಕೆಲಸ ಉಳಿಯಲಿಲ್ಲ. ಹೆಸರುಗಳಿಗೂ ಇಲ್ಲ. ಎರಡನ್ನೂ ತೆಗೆಯುತ್ತೇನೆಂದು ಸಂಘದ ಅಧ್ಯಕ್ಷರಿಗೆ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ. ಅಧ್ಯಕ್ಷರು ವೀಳ್ಯ ಜಗಿಯುತ್ತ ನಕ್ಕರು.

"ಹೆಸ್ರ್ ತೆಗೂಕಾಗ ಟೀಚರೇ. ಸುಮ್ನೆ ಇಪ್ಪು ಹೆಸ್ರ್ ನಿಮ್ಮತ್ರ ಗಂಜಿ ಕೇಂತಾ?"

"ಕೇಂತಿಲ್ಲ. ಆರೆ ಯಾವತ್ತಾರೂ ಎದ್ದ್ ಕೂಕಂತ್."

"ಸತ್ತ ಬೋಟ್ ಏಳುದಾ! ಇರ್ಲಿ ಬಿಡಿ."

ಹೆಸರು ಉಳಿಸಿ ಸಾಲುಗಳನ್ನಷ್ಟೇ ತೆಗೆಯಬಹುದಿತ್ತು. ಆದರೆ ಎರಡೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಬಿಡಿಸಲು ಒಂದು ಪೂರ್ತಿ ಮಧ್ಯಾಹ್ನ ಬೇಕು. ಬಸ್ಸಿನ ಹೊತ್ತಾಗಿತ್ತು. ಟೀಚರ್ ಚೀಲ ಎತ್ತಿಕೊಂಡು, "ಇರ್ಲಿ, ಬಪ್ಪು ವಾರ ಕಾಂಬ" ಎಂದರು. ಬರುವ ವಾರ ಬೇರೆ ಕೆಲಸ ಬಂತು.

ಮುಂದೆ ನಡೆದದ್ದೆಲ್ಲ ನಡೆದ ಮೇಲೆ ಅವರ ಎದುರು 'ಇರಲಿ' ಎನ್ನುವ ಹಾಗಿರಲಿಲ್ಲ. ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆಯೇ ಎಂದಾಗ ಇರಲಿ ಎಂದರೂ ಮುಖ ಬಿಗಿಯುತ್ತಿತ್ತು.

ಮರು ವರ್ಷವೋ ಅದರಾಚೆಗೋ, ಹಳೆಯ ಹೆಸರುಗಳಲ್ಲಿ ಒಂದಾದ 'ಜಲಪುತ್ರಿ'ಯ ಮನೆಯವರು ಹಂಗಾರಕಟ್ಟೆಯಲ್ಲಿ ಹೊಸ ಬೋಟು ಕಟ್ಟಿಸಿದರು. ಕುಂಭಾಶಿಯ ದೇವಸ್ಥಾನದಲ್ಲಿ ಪೂಜೆ ಮಾಡಿಸಿ ತಂದು ನೀರಿಗೆ ಇಳಿಸಿದರು. ಅದೇ ಹೆಸರು. ಗುಮಾಸ್ತ ಹೊಸದಾಗಿ ಸೇರಿಸಲು ಹೋದರೆ ಹೆಸರು ಆಗಲೇ ಕಂಪ್ಯೂಟರಿನಲ್ಲಿತ್ತು. ಬೋಟಿನ ಯಜಮಾನ ಕಿಟಕಿಯಿಂದ ಇಣುಕಿ ನೋಡಿ ಖುಷಿಪಟ್ಟನಂತೆ. "ಕಾಣಿ, ನಮ್ಮ ಅಪ್ಪಯ್ಯನ ಬೋಟ್ ಇನ್ನೂ ಇತ್ತಲೆ!" ಗುಮಾಸ್ತ ಅದನ್ನೇ ಬಳಸಿದ. ಅಲ್ಲಿನ ಪದ್ಧತಿಯಂತೆ ಅದು ತಪ್ಪಲ್ಲ. ಹೆಸರು ಕಾದಿದ್ದದ್ದೇ ಅದಕ್ಕಾಗಿ.

ತೆಗೆಯದೆ ಉಳಿದ ಆ ಹಳೆಯ ಸಾಲುಗಳಿಂದಾಗಿ ಅಂದಿನಿಂದ ಪ್ರತಿ ಸಂಜೆ ಜಲಪುತ್ರಿಯ ಮುಂದೆ ತಾನಾಗಿ 'ಬಂದಿದೆ' ಎಂದು ಬೀಳತೊಡಗಿತು. ಬೋಟು ದಿನವೂ ಬರುತ್ತಿತ್ತು, ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಅದು ಬಾರದ ದಿನದ ಬಗ್ಗೆ ಬರೆಯುವಾಗ ಮಳೆ ಸುರಿಯುತ್ತಿತ್ತು ಎಂದು ಬರೆದಿದ್ದೆ. ತೆಗೆದಿದ್ದೇನೆ. ಬದುಕಿ ಬಂದವರು ಆಕಾಶ ಬೆಳ್ಳಗಿತ್ತು ಎಂದರು. ಎಂಜಿನ್ ನಿಂತಿತ್ತು, ಅಲೆ ಅಡ್ಡಲಾಗಿ ಹೊಡೆದು ಬೋಟು ಮಗುಚಿತ್ತು, ಅಷ್ಟೇ.

ಉಪ್ಪುಂದದ ಒಬ್ಬ ಹೆಂಗಸಿನ ಮಗ ಆ ಬೋಟಿನಲ್ಲಿದ್ದ. ಅವಳು ದಕ್ಕೆಯಲ್ಲಿ ಮೀನು ಕೊಂಡು ಮಾರುವವಳು. ದಿನವೂ ಸಂಜೆ ಮಗ ಬಂದ ಮೇಲೆ ಇಬ್ಬರೂ ಒಂದೇ ಬಸ್ಸಿಗೆ ಊರಿಗೆ ಹೋಗುತ್ತಿದ್ದರು. ಆ ಸಂಜೆ ಕಾದು ಕಾದು ಕಿಟಕಿಗೆ ಬಂದಳು. ಗುಮಾಸ್ತ ಪಟ್ಟಿ ನೋಡಿದ. ಖಾಲಿ. ಪರದೆ ನೋಡಿದ.

"ಬಂದಿತ್ ಕಾಣಿ."

"ದಕ್ಕೆಯಗ್ ಕಾಣ್ತಿಲ್ಯಲೆ?"

"ಆಚಿ ಬದಿಗ್ ಕಟ್ಟಿರ್ತ್ರ್. ಮಗ ಗೆಳೆಯರ್ ಒಟ್ಟಿಗೆ ಮೊದ್ಲಿನ್ ಬಸ್ಸಿಗೇ ಹೋದ ಕಾಂತ್. ನೀವ್ ಮನಿಗ್ ಹೋಯ್ನಿ."

ಅವಳು ಮನೆಗೆ ಹೋಗಿ ಅನ್ನಕ್ಕಿಟ್ಟಳು. ಸೈರನ್ ಕೂಗಿದ್ದು ಬೆಳಗಾದ ಮೇಲೆ. ಇಬ್ಬರನ್ನು ಮೀನಿನ ಪೆಟ್ಟಿಗೆ ಅಪ್ಪಿಕೊಂಡಿದ್ದ ಹಾಗೆಯೇ ಎತ್ತಿ ತಂದರು. ಅವರಲ್ಲೊಬ್ಬ ದಕ್ಕೆಯ ಮೇಲೆ ಕೂತು ಹೇಳಿದ ಮಾತು ಎಲ್ಲರಿಗೂ ಕೇಳಿಸಿತ್ತು. "ಕತ್ತಲಾಪಲ್ಲಿವರಿಗೆ ನಾವೆಲ್ಲರೂ ಬೋಟ್ ಹಿಡ್ಕಂಡೇ ಇದ್ದಿತ್. ಲೈಟ್ ಬತ್ತಾ ಲೈಟ್ ಬತ್ತಾ ಅಂತ ಕಾಂತಾ ಇದ್ದಿತ್." ಉಳಿದವರು ಬರಲಿಲ್ಲ. ಉಪ್ಪುಂದದವಳ ಮಗನ ದೇಹವೂ ಸಿಗಲಿಲ್ಲ.

ಕಡಲು ಕೊಂಡುಹೋಯಿತು ಎಂದರು. ಕಂಪ್ಯೂಟರಿನ ಮಾತು ಯಾರೂ ಎತ್ತಲಿಲ್ಲ. ಬಂದವರು ಕೂಗಲು ಮರೆಯುವುದಿದೆ, ಗುಮಾಸ್ತ ಗಡಿಬಿಡಿಯಲ್ಲಿ ಯಾರನ್ನೋ ಕಂಡು ಬಂತೆಂದು ಗುರುತು ಹಾಕಿರಬೇಕು ಎಂದು ಸಂಘದವರೂ ತಿಳಿದರು, ಪಾಪ, ಗುಮಾಸ್ತನೂ ತಾನೇ ಹಾಕಿರಬೇಕೆಂದು ತಿಳಿದ. ಟೀಚರ್ ಕೋಣೆಗೆ ಹೋಗಿ ಪ್ರೋಗ್ರಾಮ್ ತೆರೆದು ನೋಡಿದರು. ಆಗ ಅವರ ಮುಖ ಬಿಳುಚಿತು ಎಂದು ನಾನು ಹೇಳುತ್ತ ಬಂದಿದ್ದೇನೆ. ನಿಜವಾಗಿ ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಕಂಡದ್ದು ಬೆನ್ನು ಮಾತ್ರ. ನಂತರ ಗುಮಾಸ್ತನ ಕಡೆ ತಿರುಗಿ, "ನೀವ್ ಒತ್ತಿದ್ದಲ್ಲ. ಇದೇ ಒತ್ತಿದ್ದ್" ಎಂದರು. ಅವನು ಅಲ್ಲೇ ಅತ್ತುಬಿಟ್ಟ. ಸಂಘದವರಿಗೂ ಅದನ್ನೇ ಹೇಳಿದರು. ಅಧ್ಯಕ್ಷರು ನೆಲ ನೋಡಿದರು.

ಅದೇ ವಾರ ಉಪ್ಪುಂದಕ್ಕೆ ಹೋದರು. ನಾನೂ ಜೊತೆಗಿದ್ದೆ. ಅಂಗಳದಲ್ಲಿ ನಿಂತೇ ಎಲ್ಲ ಹೇಳಿದರು. ಹಳೆಯ ಸಾಲು, ತೆಗೆಯಬೇಕಿತ್ತು, ತೆಗೆಯಲಿಲ್ಲ. ಕಂಪ್ಯೂಟರ್ ಮುಟ್ಟದ ಹೆಂಗಸಿಗೆ ಅರ್ಥವಾಗುವಂತೆ ಹೇಗೆ ಹೇಳಿದರೆಂದು ನೆನಪಿಲ್ಲ. ಆದರೆ ಅರ್ಥವಾಯಿತು. ಅವಳು ಕೂತಲ್ಲಿಂದ ಏಳದೆ ಕೇಳಿದಳು.

"ಹಾಂಗಾರೆ ನಾ ಅನ್ನ ಮಾಡೂಕ್ ಹೋದ್ದ್ ಅದ್ಕಾ?"

ಟೀಚರ್ ಹೌದೆಂದರು.

ಅವಳೇ ಮತ್ತೆ, "ಬಂದಿತ್ ಅಂತ ಬರ್ದಿತ್ತಲೆ, ಅದ್ ಸುಳ್. ಬರ್ಲಿಲ್ಲೆ ಅಂತ ಬರೀನಿ. ನೀವ್ ದಿನಾ ಬರೀನಿ. ನಾ ಬಂದ್ ಕಾಂತೆ" ಎಂದಳು.

ಟೀಚರ್ ಆ ಮಧ್ಯಾಹ್ನವೇ ಹಳೆಯ ಸಾಲುಗಳನ್ನು ಕಿತ್ತರು. ಇಲ್ಲದ ಬೋಟುಗಳ ಹೆಸರುಗಳನ್ನೂ ತೆಗೆದರು. ಈ ಬಾರಿ ಯಾರನ್ನೂ ಕೇಳಲಿಲ್ಲ, ಯಾರೂ ತಡೆಯಲೂ ಇಲ್ಲ. ಒಂದು ಹೆಸರು ಉಳಿಸಿದರು. ಜಲಪುತ್ರಿಗಾಗಿ ಕೈಯಾರೆ ಒಂದು ಸಾಲು ಬರೆದರು. ಯಾರೂ ಕೂಗಿ ಹೋಗದಿದ್ದರೂ ಆ ಹೆಸರು ಪ್ರತಿ ಸಂಜೆ ಪಟ್ಟಿಯಲ್ಲಿ ಬರಬೇಕು, 'ಹೊರಗೆ' ಎಂದು. ಅವರು ಬರೆದುದರಲ್ಲಿ ಯಾವ ಕೆಲಸಕ್ಕೂ ಬೇಡದ ಸಾಲು ನಾನು ಕಂಡದ್ದು ಅದೊಂದೇ.

ಆ ತಾಯಿ ಮೀನಿನ ಬುಟ್ಟಿ ಕೆಳಗಿಟ್ಟು ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ಗುಮಾಸ್ತ ಓದುತ್ತಿದ್ದ. "ಜಲಪುತ್ರಿ, ಹೊರಗೆ." ಅವಳು ಹೂಂ ಎಂದು ಬುಟ್ಟಿ ಎತ್ತಿಕೊಂಡು ಬಸ್ಸಿಗೆ ಹೋಗುತ್ತಿದ್ದಳು. ವರ್ಷಗಳು ಹೀಗೇ ಹೋದವು. ಗುಮಾಸ್ತ ಬದಲಾದ. ಹೊಸಬನೂ ಓದಿದ.

ಒಂದು ದಿನ ಆ ಹೊಸ ಗುಮಾಸ್ತ ನಮಗೆ ಚಹಾ ತರಿಸಿಕೊಟ್ಟು ತಮಾಷೆಯಂತೆ ಒಂದು ಸುದ್ದಿ ಹೇಳಿದ. ಹಿಂದಿನ ವಾರ ಒಂದು ಬೋಟಿನ ಪ್ರೊಪೆಲ್ಲರಿಗೆ ಬಲೆ ಸುತ್ತಿ ಅದು ಹೊರಗೇ ಉಳಿದಿತ್ತಂತೆ. ಪುಣ್ಯಕ್ಕೆ ದಾರಿಯಲ್ಲಿ ಬರುತ್ತಿದ್ದ ಬೇರೆ ಬೋಟಿನವರು ಕಂಡು ಎಳೆದು ತಂದರಂತೆ.

"ಪಟ್ಟಿಯಗ್ ಇರ್ಲಿಲ್ಯಾ?" ಎಂದರು ಟೀಚರ್.

"ಇದ್ದಿತ್ತಂಬ್ರ್. ನಾ ಸಮಾ ಕಾಂಬ್ಲಿಲ್ಲ. ಯಾವತ್ತೂ ಒಂದ್ ಹೆಸ್ರ್ ಇಪ್ಪುದೇ ಅಲ್ದಾ ಟೀಚರೇ? ಏನೋ ಇತ್ತ್ ಕಂಡೆ, ಅದೇ ಇರ್ಕ್ ಅಂದ್ಕಂಡೆ."

ಟೀಚರ್ ಲೋಟ ಕೆಳಗಿಟ್ಟರು. ಅವರು ಹೆದರಿದ್ದನ್ನು ನಾನು ಕಂಡದ್ದು ಆಗ. ಈ ಸಲ ಎದುರಿಗೇ ಇದ್ದೆ. ಯಾವತ್ತೂ ಖಾಲಿಯಾಗದ ಪಟ್ಟಿಯನ್ನು ಯಾರೂ ಓದುವುದಿಲ್ಲ. ಅದು ಅವರಿಗೆ ಗೊತ್ತಿತ್ತು. ನಮಗೆಲ್ಲ ಅದನ್ನೇ ಕಲಿಸಿದವರು ಅವರು.

ಮತ್ತೆ ಉಪ್ಪುಂದ. ಅದೇ ಅಂಗಳ. ಈ ಸಲ ಅವಳು ಕುರ್ಚಿ ತಂದಿಟ್ಟಳು. ಟೀಚರ್ ಕೂರಲಿಲ್ಲ.

"ಹೆಸ್ರ್ ತೆಗೀತೆ" ಎಂದರು.

"ಯಾವ್ ಹೆಸ್ರ್?"

"ಜಲಪುತ್ರಿ."

"ತೆಗೂಕಾಗ."

"ಅದ್ ಇಪ್ಪುದ್ರಿಂದ ಬೇರೆ ಹೆಸ್ರ್ ಕಾಣ್ತಿಲ್ಲ. ಮೊನ್ನೆ ಒಂದ್ ಬೋಟ್ ಪುಣ್ಯಕ್ಕೆ ಉಳೀತ್. ಮತ್ತೊಂದ್ ಸಲ ಉಳೀತ್ ಅಂತಿಲ್ಲ."

"ಕಾಣ್ದಿದ್ರೆ ಕಣ್ ತೋರ್ಸ್ಕಣೂಕ್ ಹೇಳಿ ಅವ್ನಿಗೆ! ನನ್ ಮಗನ್ ಎಂತಕ್ ತೆಗೀತ್ರಿ? ಅವ್ನ್ ಹೊರಗೆ ಇಪ್ಪುದ್ ಹೌದಾ ಅಲ್ದಾ? ಸುಳ್ಳಾ?"

"ಸುಳ್ಳಲ್ಲ."

"ಮತ್ತೆ?"

"ನಿಜ ಹೌದ್. ಆರೆ ಹುಡ್ಕೂಕ್ ಹೋಪವ್ರಿಗೆ ಅದ್ರಿಂದ ಕೆಲ್ಸ ಇಲ್ಲ" ಎಂದರು. ಇದಕ್ಕಿಂತ ಕ್ರೂರವಾದ ಮಾತು ಅವರ ಬಾಯಿಂದ ನಾನು ಕೇಳಿಲ್ಲ. ಮೆತ್ತಗೆ ಹೇಳಬಹುದಿತ್ತು ಎಂದು ಆಗ ಅನಿಸಿತ್ತು. ಹೇಗೆ ಎಂದು ಈಗಲೂ ಹೊಳೆದಿಲ್ಲ.

"ನಾ ಒಪ್ಪುದಿಲ್ಲ."

"ಒಪ್ಪುಕ್ ಹೇಳೂಕ್ ಬಂದದ್ದಲ್ಲ. ನಿಮ್ಗ್ ಹೇಳಿ ತೆಗೂಕ್ ಬಂದದ್ದ್."

ಅವಳು ಕುರ್ಚಿಯನ್ನು ಎತ್ತಿ ಒಳಗಿಟ್ಟು ಬಾಗಿಲು ಹಾಕಿಕೊಂಡಳು. ಒಳಗಿಂದ, "ಹೋಯ್ನಿ! ಇನ್ ಈ ಬದಿಗ್ ಬರ್ಬೇಡಿ" ಎಂಬ ಕೂಗು ಕೇಳಿತು. ಟೀಚರ್ ನೇರ ಬಸ್ಸು ಹತ್ತಿದರು. ಬಂದರಿಗೆ ಹೋಗಿ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ ಇದ್ದರು. ಆಮೇಲೆ ಆ ಸಾಲನ್ನು ಅಳಿಸಿದರು. ಸಂಜೆ ಪಟ್ಟಿ ಬಂತು.

"ಖಾಲಿ ಬಂತಲೆ ಟೀಚರೇ!" ಎಂದ ಗುಮಾಸ್ತ.

"ದಿನಾ ಖಾಲಿ ಬಂದ್ರೇ, ನಾಳೆ ಒಂದ್ ಹೆಸ್ರ್ ಬಂದ್ರೆ ಕಾಂತ್ರಿ."

ಆ ತಾಯಿ ಮತ್ತೆ ಕಿಟಕಿಗೆ ಬರಲಿಲ್ಲ. ಮೀನಿಗೂ ಬೇರೆ ಬಂದರಿಗೆ ಹೋಗತೊಡಗಿದಳು. ಟೀಚರ್ ಮಾತ್ರ ಕೆಲವು ಸಂಜೆ ಕೆಲಸವಿಲ್ಲದೆಯೂ ಅಲ್ಲಿಗೆ ಹೋಗಿ ಪಟ್ಟಿ ಬರುವ ತನಕ ಕೂರುತ್ತಿದ್ದರು. ಪಶ್ಚಾತ್ತಾಪವೋ ತಪಾಸಣೆಯೋ, ನಾನು ಕೇಳಲಿಲ್ಲ. ಕೇಳಿದ್ದರೂ ಎರಡರಲ್ಲಿ ಒಂದನ್ನು ಆರಿಸಿ ಹೇಳುವವರಲ್ಲ ಅವರು.

ಎರಡು ಸಾವಿರದ ಹತ್ತು ಕಳೆದ ಮೇಲೆ ಬೋಟುಗಳಿಗೆ ಹೊಸ ಸಾಧನ ಬಂತು, ಎಲ್ಲಿದೆ ಎಂಬುದು ಫೋನಿನಲ್ಲೇ ಕಾಣುವಂಥದ್ದು. ಅವರ ಇಡೀ ಪ್ರೋಗ್ರಾಮನ್ನು ಸಂಘದವರು ತೆಗೆದುಹಾಕಿದರು. ಆಗ ಅವರು ಆಗಲೇ ಹಾಸಿಗೆ ಹಿಡಿದಿದ್ದರು. ಹೇಳಬೇಕೋ ಬೇಡವೋ ಎಂದುಕೊಂಡೇ ಹೇಳಿದೆ.

"ಯಾರೂ ಕರೀತಿಲ್ಲೆ ಅಂದ್ ಮೇಲೆ ಮತ್ತೆಂತಕೆ" ಎಂದು ಗೋಡೆಗೆ ತಿರುಗಿದರು.

ದಹನದ ದಿನ ಬ್ರಹ್ಮಾವರದಲ್ಲಿ ಜನ ಹೆಚ್ಚಿರಲಿಲ್ಲ. ಎಲ್ಲ ಮುಗಿದು ರಸ್ತೆಗೆ ಬಂದರೆ ಬಸ್ ನಿಲ್ದಾಣದಲ್ಲಿ ಉಪ್ಪುಂದದವಳು ನಿಂತಿದ್ದಳು. ಒಳಗೆ ಬಂದಿರಲಿಲ್ಲ. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೈಯಲ್ಲಿ ಬುಟ್ಟಿ ಇರಲಿಲ್ಲ. ನೀವು ಬರುತ್ತೀರೆಂದು ಅಂದುಕೊಂಡಿರಲಿಲ್ಲ ಎಂದೆ.

"ಹೊಟ್ಟಿ ಇನ್ನೂ ಉರೀತ್" ಎಂದಳು. "ಆರೆ ಅವ್ರ್ ಹೇಳಿ ತೆಗ್ದ್ರ್. ಆ ಸುಳ್ ಇಟ್ಟವ್ರ್ ಒಬ್ಬ್ರೂ ಹೇಳಿ ಇಟ್ಟಿರ್ಲಿಲ್ಲೆ."

ಮತ್ತೆ ಅವಳೇ ಕೇಳಿದಳು. "ಈಗ ಪಟ್ಟಿ ಯಾರ್ ಓದ್ತ್ರ್?"

"ಈಗ ಪಟ್ಟಿ ಇಲ್ಲೆ. ಫೋನಗೇ ಬತ್ತ್."

"ಫೋನ್ ಯಾರ್ ಕಾಂತ್ರ್?"

ಇಲ್ಲಿ ಬಸ್ಸು ಬಂತು, ಅವಳು ಹತ್ತಿದಳು ಎಂದು ಬರೆದಿದ್ದೆ. ತೆಗೆದಿದ್ದೇನೆ. ಬಸ್ಸು ಬಹಳ ಹೊತ್ತು ಬರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.